ಪೂಜೆಯಲ್ಲಿರುವ ಸ್ಪ್ಯಾನರುಗಳು

ಬಿಳಿಕೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನ ಕಿಟಕಿಯೊಳಗೆ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿತು. ಬೆಲ್ಲ, ಒಣಹುಲ್ಲು ಮತ್ತು ತಾತನ ಕೋಟಿನ ಜೇಬು, ಈ ಮೂರನ್ನೂ ಒಂದೇ ಬಾಣಲೆಯಲ್ಲಿ ಹುರಿದರೆ ಬರಬಹುದಾದ ವಾಸನೆ ಅದು. ಹೊಲಗಳ ನಡುವೆ ನಿಂತ, ಸೊಪ್ಪು ಬೇಯಿಸುವ ಬ್ಯಾರನ್ನುಗಳ ನೆತ್ತಿಯಲ್ಲಿ ತೆಳುವಾಗಿ ಹೊಗೆಯಾಡುತ್ತಿತ್ತು. ನಾನು ಕಿಟಕಿಯನ್ನು ಪೂರ್ತಿ ಇಳಿಸಿದೆ. ಪಕ್ಕದಲ್ಲಿದ್ದ ಹೆಂಡತಿ ಸುಧಾ ಸೆರಗಿನಿಂದ ಮೂಗು ಮುಚ್ಚಿಕೊಂಡು, ಸ್ವಲ್ಪ ಯೋಚಿಸಿ, ಸೆರಗು ತೆಗೆದು ಮತ್ತೊಮ್ಮೆ ಮೂಸಿದಳು.

"ನಮ್ಮ ಡಿಕ್ಕಿಯಲ್ಲಿ ಬರೋದು ಇದೇ ವಾಸನೆ ಅಲ್ವೇನ್ರೀ? ಇಲಿ ಸತ್ತಿರಬೇಕು ಅಂತ ನಾನು ಎರಡು ಸಲ ತೊಳೆಸಿದೀನಿ."

ಇಲಿ ಸತ್ತಿರಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಗೋಣಿತಾಟಿನ ಒಂದು ಗಂಟಿದೆ. ಒಂದು ಮೋಟರ್ ಸೈಕಲ್ಲನ್ನು ನಡುರಸ್ತೆಯಲ್ಲಿ ಬಿಚ್ಚಿ ಮತ್ತೆ ಜೋಡಿಸಲು ಬೇಕಾದ ಸಕಲ ಸಾಮಾನೂ ಅದರಲ್ಲಿದೆ. ಮೋಟರ್ ಸೈಕಲ್ಲು ಮಾತ್ರ ಇಲ್ಲ. ಮಾರಿ ಎಷ್ಟೋ ಕಾಲವಾಯಿತು. ಗಂಟಿನಲ್ಲಿರುವ ಒಂದು ಸ್ಪ್ಯಾನರೂ ಈ ಕಾರಿನ ಯಾವ ನಟ್ಟಿಗೂ ಹೊಂದುವುದಿಲ್ಲ. ಆದರೂ ಅದನ್ನು ಎಲ್ಲೋ ಅಟ್ಟಕ್ಕೆ ಎಸೆಯುವ ಹಾಗಿಲ್ಲ. ಅದು ಪೂಜೆಯಲ್ಲಿದೆ. ಯಾವ ಪೂಜೆ, ಯಾವಾಗ ಮುಗಿಯುತ್ತದೆ ಎಂದು ಸುಧಾ ಹಲವು ಸಲ ಕೇಳಿದ್ದುಂಟು, ನಾನು ಹಾರಿಕೆಯ ಉತ್ತರ ಕೊಟ್ಟದ್ದೂ ಉಂಟು. ಈಗ ನನ್ನ ಹಳೆಯ ಬಾಡಿಗೆ ಮನೆಯವರನ್ನು ನೋಡಲು ಹೊರಟಿದ್ದೆವು. ಹುಣಸೂರು, ಅಲ್ಲಿಂದ ಎಚ್.ಡಿ. ಕೋಟೆ, ಅಲ್ಲಿಂದ ಕಾಡಿನಂಚು, ದಾರಿ ಬೇಕಾದಷ್ಟಿತ್ತು. ಹೇಳತೊಡಗಿದೆ.

ಮದುವೆಗೆ ಮುಂಚಿನ ಮಾತು. ಮುಂಗಾರು ಹಿಡಿಯುವ ಹೊತ್ತಿಗೆ ನನ್ನನ್ನು ಎಚ್.ಡಿ. ಕೋಟೆ ತಾಲ್ಲೂಕಿಗೆ, ಎನ್. ಬೇಗೂರಿನ ಆಚೀಚೆ ಚದುರಿಕೊಂಡಿದ್ದ ಹಳ್ಳಿಗಳಿಗೆ ಜಾನುವಾರು ಪರಿವೀಕ್ಷಕನನ್ನಾಗಿ ಹಾಕಿದರು. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಮುಖ್ಯ ಕಾಯಕ. ಊರಿನವರು ಅದನ್ನು 'ಸೂಜಿ ಹಾಕೋದು' ಎನ್ನುತ್ತಿದ್ದರು, ನನ್ನನ್ನು 'ಡಾಕ್ಟ್ರು' ಎನ್ನುತ್ತಿದ್ದರು. ಎರಡೂ ತಪ್ಪು. ಎರಡನ್ನೂ ತಿದ್ದುವ ಧೈರ್ಯ ನನಗೆ ಬರಲಿಲ್ಲ. ಎಲ್ಲೋ ಇರುವ, ನಾನು ಕಂಡರಿಯದ ಹೋರಿಯೊಂದರ ಸಂತಾನಭಾಗ್ಯವನ್ನು ದ್ರವ ಸಾರಜನಕ ಹೊಗೆಯಾಡುವ ಕ್ಯಾನಿನಲ್ಲಿ ತಣ್ಣಗೆ ಇಟ್ಟುಕೊಂಡು, ಬೈಕಿನ ಹಿಂದೆ ಬಿಗಿದು, ಸದರಿ ಹೋರಿಯ ಅಧಿಕೃತ ಪ್ರತಿನಿಧಿಯಾಗಿ ನಾನು ಊರೂರು ತಿರುಗುತ್ತಿದ್ದೆ.

ಈ ಕಾಯಕದಲ್ಲಿ ಕಚೇರಿ ಕೆಲಸದ ಒಂದು ದೊಡ್ಡ ಸುಖ ಇಲ್ಲ: ನಾಳೆ ಬಾ ಎನ್ನುವ ಹಾಗಿಲ್ಲ. ಹಸುವಿಗೆ ಬೆಳಿಗ್ಗೆ ಬೆದೆ ಕಂಡರೆ ಸಂಜೆಯೊಳಗೆ ಮುಟ್ಟಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಆದ್ದರಿಂದ ಆ ಸೀಮೆಯ ಹಸುಗಳ ವಂಶೋದ್ಧಾರವೆಲ್ಲ ನನ್ನ ನೂರು ಸಿಸಿಯ ಕಪ್ಪು ಬೈಕಿನ ಮರ್ಜಿಯ ಮೇಲೆ ನಿಂತಿತ್ತು. ಬೈಕಿಗೆ ಅದು ಗೊತ್ತಿತ್ತು ಎಂದೇ ನನ್ನ ನಂಬಿಕೆ.

ನಾನು ಬಾಡಿಗೆಗೆ ಇದ್ದದ್ದು ಸಿದ್ದೇಗೌಡರ ಮನೆಯಲ್ಲಿ, ಬ್ಯಾರನ್ನಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ. ಗೌಡರು ಹೊಗೆಸೊಪ್ಪು, ಹತ್ತಿ, ಸ್ವಲ್ಪ ಚೆಂಡು ಹೂವು ಬೆಳೆಯುತ್ತಿದ್ದರು. ತಪ್ಪಿಯೂ ನಗದ, ಶಾಸ್ತ್ರವನ್ನು ಎಳ್ಳಷ್ಟೂ ಸಡಿಲ ಬಿಡದ ಮನುಷ್ಯ. ಅಮಾವಾಸ್ಯೆಯ ದಿನ ಹೊಸ ಬೆಂಕಿಪೆಟ್ಟಿಗೆ ಕೂಡ ಒಡೆಯುತ್ತಿರಲಿಲ್ಲ. ಅವರ ಹೆಂಡತಿ ಜಯಮ್ಮನವರು ಗಂಡನ ಶಾಸ್ತ್ರಕ್ಕೆ ಎಂದೂ ಎದುರಾಡಿದವರಲ್ಲ. ಅದರೊಳಗೇ ದಾರಿ ಹುಡುಕಿ ತಮಗೆ ಬೇಕಾದಲ್ಲಿಗೆ ಹೋಗಿ ಮುಟ್ಟುತ್ತಿದ್ದರು.

ನಾನು ಹೋದ ಮೊದಲ ವಾರವೇ ಮಳೆಯಲ್ಲಿ ಚೈನ್ ಕವರಿನೊಳಗೆ ಕೆಸರು ಗಟ್ಟಿಯಾಗಿ ತುಂಬಿ ಚಕ್ರ ತಿರುಗದೆ ನಿಂತಿತು. ಬೈಕಿನ ಜೊತೆ ಕಂಪನಿಯವರು ದಯಪಾಲಿಸಿದ್ದ ಪ್ಲಾಸ್ಟಿಕ್ ಚೀಲವನ್ನು ಸೀಟಿನ ಕೆಳಗಿಂದ ತೆಗೆದೆ. ಒಂದು ಪ್ಲಗ್ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಎರಡು ಬಾಯಿಯ ಒಂದು ಸ್ಪ್ಯಾನರು. ನಟ್ಟಿಗೆ ಹಾಕಿ ತಿರುಗಿಸಿದರೆ ನಟ್ಟು ಇದ್ದ ಹಾಗೇ ಇತ್ತು, ಸ್ಪ್ಯಾನರು ವಿನಯದಿಂದ ಬಾಗಿತು. ಗಾಡಿ ತಳ್ಳಿಕೊಂಡು ಮನೆಗೆ ಬಂದಾಗ ಗೌಡರು ಜಗಲಿಯಲ್ಲಿ ಕೂತಿದ್ದರು.

"ಏನ್ ಡಾಕ್ಟ್ರೇ, ಹಸಾ ನೋಡಾಕ್ ಹೋಗಿದ್ರಾ, ಎಮ್ಮೆ ಜೊತೆ ಕೆಸರಲ್ಲಿ ಮಲಗಿದ್ರಾ?"

ವಿಷಯ ಹೇಳಿದೆ. ಅವರು ಎದ್ದು ಬಂದು ಗಾಡಿಯನ್ನು ಸುತ್ತಿ ನೋಡಿದರು.

"ಈ ಕವರು ತಗ್ದು ಮಡಗಿ. ಮಳೆಗಾಲ್ದಲ್ಲಿ ಚೈನು ಮೊಕ ಮುಚ್ಕಳಕ್ಕೆ ಅದೇನ್ ಮದ್ವೆ ಎಣ್ಣಾ?"

ಹೀಗೆ ಚೈನ್ ಕವರು ಬ್ಯಾರನ್ನಿನ ಗೋಡೆಯ ಮೊಳೆಗೆ ಏರಿತು. ಅದನ್ನು ಮರೆಯಬಾರದು; ನಾನು ಮರೆತಿದ್ದೆ. ಅದೇ ಸಂಜೆ ಗೌಡರು ನನಗೆ ಒಂದು ವಿಧಿಯನ್ನೂ ಹಾಕಿಕೊಟ್ಟರು.

"ಗಾಡಿ ಒಂದ್ ಸತಿ ಕೈ ಕೊಡ್ತು ಅಂದ್ರೆ ಒಂದ್ ಸಾಮಾನು ಕೇಳ್ತು ಅಂತ ತಿಳ್ಕಳಿ. ಅದ್ನ ತಂದು ಮಡಗಿ. ಆಮೇಕೆ ಅದೇ ಕಾಟ ಕೊಡಾಕಿಲ್ಲ."

"ಆಮೇಲೆ?"

"ಬ್ಯಾರೆ ಕಾಟ ಕೊಡ್ತದೆ."

ಆ ಮಳೆಗಾಲವಿಡೀ ಈ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿದೆ. ಬೈಕು ತನ್ನ ಪಾಲಿನ ವಿಧಿಯನ್ನು ನನಗಿಂತ ಶ್ರದ್ಧೆಯಿಂದ ಪಾಲಿಸಿತು. ಮೈಸೂರಿಗೆ ಹೋಗಿದ್ದವನು ವಾಪಸು ಬರುವಾಗ ಹುಣಸೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪ್ಯಾನರಿನ ಸೆಟ್ಟು ಕೇಳಿದೆ. ಅಂಗಡಿಯ ಯಜಮಾನರು ಸೆಟ್ಟು ಕೊಡಲು ಒಪ್ಪಲಿಲ್ಲ. "ಸೆಟ್ಟಲ್ಲಿ ಅರ್ಧ ಸಾಮಾನು ನಿಮ್ ಆಯಸ್ಸಲ್ಲಿ ಬಳಸಲ್ಲ ಸಾರ್, ಗಾಡಿ ಮುಂದಕ್ಕೆ ತನ್ನಿ" ಎಂದು ಅಂಗಡಿಯಿಂದ ಇಳಿದು ಬಂದು, ದರ್ಜಿ ಅಳತೆ ತೆಗೆಯುವ ಹಾಗೆ ಒಂದೊಂದು ನಟ್ಟಿಗೂ ಸ್ಪ್ಯಾನರು ಹಾಕಿ ನೋಡಿ, ಹೊಂದಿದ್ದನ್ನು ಮಾತ್ರ ಕಾಗದದಲ್ಲಿ ಸುತ್ತಿ ಕೊಟ್ಟರು. ಹಿಂದಿನ ಚಕ್ರದ ಆಕ್ಸಲ್ ನಟ್ಟಿಗೆಂದು ಉದ್ದನೆಯ ಹಿಡಿಯ ಒಂದು ರಿಂಗ್ ಸ್ಪ್ಯಾನರು. ಕೈಯಲ್ಲಿ ಹಿಡಿದರೆ ಮನುಷ್ಯನಿಗೆ ಸ್ವಲ್ಪ ಮರ್ಯಾದೆ ಬಂದಂತೆ ಇತ್ತು.

'ಆನೆ ದಾಟುವ ಸ್ಥಳ, ವಾಹನ ನಿಲ್ಲಿಸಬೇಡಿ' ಎಂಬ ಬೋರ್ಡಿನ ಸರಿಯಾಗಿ ಕೆಳಗೆ ಪಂಚರಾಯಿತು. ಬೋರ್ಡನ್ನು ಗಾಡಿಗೆ ಓದಿ ಹೇಳಿದೆ, ಕೇಳಲಿಲ್ಲ. ಅಂದಿನಿಂದ ಟೈರು ಎಬ್ಬಿಸುವ ಎರಡು ಲಿವರು, ಪಂಚರ್ ಸಲ್ಯೂಷನ್ನು, ಪ್ಯಾಚು, ಒಂದು ಸಣ್ಣ ಪಂಪು ಬಂದವು. ಹಳೆಯ ಟ್ಯೂಬನ್ನು ಕತ್ತರಿಸಿ ಗೌಡರು ರಬ್ಬರಿನ ಪಟ್ಟಿಗಳನ್ನು ಮಾಡಿಕೊಟ್ಟರು. ಜಗತ್ತಿನಲ್ಲಿ ಅಲುಗಾಡುವ ಯಾವುದನ್ನೇ ಆಗಲಿ ಇದರಿಂದ ಕಟ್ಟಬಹುದು ಎಂಬುದು ಅವರ ಸಿದ್ಧಾಂತ. ಕಲ್ಲಿನ ಮೇಲೆ ಬಿದ್ದು ಟ್ಯಾಂಕಿನ ಮೂಲೆಯಲ್ಲಿ ಪೆಟ್ರೋಲು ಬೆವರತೊಡಗಿದಾಗ ಜಯಮ್ಮನವರು ಅರ್ಧ ಬಟ್ಟೆ ಸೋಪು ತಂದು ಕೈಗಿಟ್ಟರು. "ಇದ್ನ ವಸಿ ಮಿದ್ದು ಮೆತ್ತಿ. ಕೋಟೆ ಗಂಟ ಹೋಯ್ತೀರಿ. ಮಿಕ್ಕದ್ರಲ್ಲಿ ಅಂಗಿ ಒಕ್ಕಳಿ, ನೋಡಾಕಾಗ್ತಿಲ್ಲ." ಸೋಪೂ ಗಂಟಿಗೆ ಸೇರಿತು.

ಗಂಟನ್ನು ಹೊಲಿದವರೂ ಅವರೇ. ಹೊಗೆಸೊಪ್ಪಿನ ಬೇಲು ಕಟ್ಟಲು ತಂದ ಗೋಣಿತಾಟಿನ ಒಂದು ತುಂಡು ತೆಗೆದು, ಸೊಪ್ಪು ಪೋಣಿಸುವ ದಾರದಲ್ಲಿ, ಪ್ರತಿ ಸಾಮಾನಿಗೂ ಅದರ ಮೈಯಳತೆಗೆ ಒಂದೊಂದು ಜೇಬು ಹೊಲಿದು ಸುರುಳಿ ಸುತ್ತುವ ಹಾಗೆ ಮಾಡಿಕೊಟ್ಟರು. ಹೊಸ ಸಾಮಾನು ಬಂದಾಗಲೆಲ್ಲ ಹೊಸ ಜೇಬು. ಆ ಗೋಣಿತಾಟಿಗೆ ಬ್ಯಾರನ್ನಿನ ವಾಸನೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಇನ್ನು ಕಟಿಂಗ್ ಪ್ಲೇಯರಿನ ಕಥೆ ಹೇಳಬೇಕಾದರೆ ಕೆಂಪಮ್ಮನವರ ಹಸುವಿನಿಂದ ಶುರು ಮಾಡಬೇಕು. ಕೆಂಪಮ್ಮನವರ ಊರು ಬೇಗೂರಿನಿಂದ ಒಳಗೆ, ಆನೆ ಕಂದಕದ ಹತ್ತಿರ. ಹಸುವಿನ ಹೆಸರು ಚಂದ್ರಿ. ಹುಟ್ಟಿದ ವಾರಕ್ಕೆ ತಾಯಿ ಸತ್ತ ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿ ಹಸು ಮಾಡಿದ್ದರು. ಆ ಹಸು ಗಬ್ಬ ನಿಲ್ಲುತ್ತಿರಲಿಲ್ಲ. ಜೂನಿನಲ್ಲಿ ನಾನೇ ಮಾಡಿದ್ದೆ. ಮೂರು ವಾರಕ್ಕೆ ಮತ್ತೆ ಬೆದೆಗೆ ಬಂತು. ಎರಡನೇ ಸಲ ಹೋಗುವಾಗ ಅವರ ಊರಿನ ಬಾಗಿಲಲ್ಲೇ ಕ್ಲಚ್ ಕೇಬಲ್ಲು ಕಿತ್ತುಹೋಯಿತು. ಅವರ ಮಗ ಮಹೇಶ ಬೋರ್‌ವೆಲ್ಲಿನ ವೈರಿಂಗ್ ಕೆಲಸ ಮಾಡುವವನು. ತನ್ನ ಕಟಿಂಗ್ ಪ್ಲೇಯರನ್ನು ತಂದು, ಕಿತ್ತ ಕೇಬಲ್ಲಿನ ತುದಿಯನ್ನು ಅದರಲ್ಲಿ ಕಚ್ಚಿ ಹಿಡಿದು ಎಳೆಯುವುದನ್ನು ತೋರಿಸಿಕೊಟ್ಟ. "ಮಡೀಕಳಿ ಸಾರ್, ನಂತಾವ ಇನ್ನೊಂದದೆ" ಎಂದ. ಆಮೇಲೆ ಹೊಸ ಕೇಬಲ್ಲು ಹಾಕಿಸಿದಾಗ ಅದರ ಪಕ್ಕದಲ್ಲೇ ಇನ್ನೊಂದನ್ನೂ ಹೊಂದಿಸಿ ಕಟ್ಟಿಕೊಂಡೆ. ಅದು ಯುವರಾಜನಂತೆ, ಪಟ್ಟದಲ್ಲಿರುವವನು ಎಂದು ಕಿತ್ತುಹೋಗುತ್ತಾನೋ ಎಂದು ಕಾಯುತ್ತಾ ಜೊತೆಯಲ್ಲೇ ಓಡಾಡಿಕೊಂಡಿತ್ತು.

ಚಂದ್ರಿಗೆ ಎರಡನೆಯದೂ ನಿಲ್ಲಲಿಲ್ಲ. ಔಷಧಿ ಕೊಟ್ಟು, ಖನಿಜದ ಪುಡಿ ತಿನ್ನಿಸಿ, ಸ್ವಲ್ಪ ಕಾಲ ಬಿಟ್ಟು ನೋಡೋಣ ಎಂದೆ. ಮಹೇಶ ಒಳ್ಳೆಯ ಹುಡುಗನೇ. ಆದರೆ ಹಟ್ಟಿಯಲ್ಲಿ ಹಾಲಿಲ್ಲದ ಹಸು ನಿಂತು ಮೇಯುತ್ತಿದ್ದರೆ ಯಾರಿಗಾದರೂ ಕಸಿವಿಸಿ.

"ಇನ್ನೊಂದೇ ಸತಿ ಸಾರ್. ಆಗ್ನಿಲ್ಲ ಅಂದ್ರೆ ಹಬ್ಬ ಕಳುದ್ಮೇಲೆ ವ್ಯಾಪಾರಿಗೆ ಹಿಡ್ಕೊಡ್ತೀನಿ. ಮಾತಾಡೂ ಆಗದೆ."

ಕೆಂಪಮ್ಮನವರು ಚಂದ್ರಿಯ ಕತ್ತಿನ ಗಂಗೆದೊಗಲು ಸವರುತ್ತಾ ನನ್ನ ಕಡೆಗೇ ತಿರುಗಿ ಹೇಳಿದರು, ಮಗನಿಗೆ ಕೇಳಿಸುವಂತೆ:

"ಇವ್ನು ಅತ್ತನೇ ಕ್ಲಾಸು ಎಲ್ಡು ಸತಿ ಪೇಲಾದ ಕಣ್ರಪ್ಪ. ನಾನೇನ್ ಸಂತೆಗೆ ಹೊಡ್ಕಂಡೋಗಿದ್ನಾ?"

ಮಹೇಶ ಬೈಕು ಹತ್ತಿ ಹೋಗಿಬಿಟ್ಟ.  ವ್ಯಾಪಾರಿಯೊಂದಿಗೆ ಆಡಿದ ಮಾತು ಮಾತ್ರ ಹಾಗೇ ಇತ್ತು. ಚಂದ್ರಿಗೆ ಉಳಿದದ್ದು ಹಬ್ಬದ ಆಸುಪಾಸಿನ ಒಂದೇ ಬೆದೆ.

ಆಯುಧಪೂಜೆ ಬಂತು. ಕೊನೆಯ ಸೊಪ್ಪು ಬೇಯಿಸಿ ಮುಗಿದಿತ್ತು. ಮಳೆ ನಿಂತು ಆಕಾಶ ತೊಳೆದಿಟ್ಟ ಪಾತ್ರೆಯಂತಿತ್ತು. ಕೇಂದ್ರದಲ್ಲಿ ರಜೆಯ ದಿನವೂ ಯಾರಾದರೊಬ್ಬರು ಇರಬೇಕು, ಹೊಸಬನೆಂದು ಆ ಭಾಗ್ಯ ನನಗೆ ಬಂದಿತ್ತು. ಮರುದಿನ ಬೆಳಿಗ್ಗೆ ಎದ್ದು ಮೈಸೂರಿಗೆ ಅಪ್ಪ ಅಮ್ಮನ ಹತ್ತಿರ ಹೋಗುವುದೆಂದು ತೀರ್ಮಾನಿಸಿದ್ದೆ. ಗೌಡರು ನಡುಮನೆಯಲ್ಲಿ ದೇವರ ಮುಂದೆ ನೇಗಿಲ ಗುಳ, ಕುಡುಗೋಲು, ಮಚ್ಚು, ಈಳಿಗೆಮಣೆ, ಬ್ಯಾರನ್ನಿನ ಥರ್ಮಾಮೀಟರು, ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸಿದ್ದರು. ನನ್ನ ಗಂಟನ್ನೂ ತರಿಸಿದರು. ಬಿಚ್ಚಿ, ಒಂದೊಂದು ಸಾಮಾನನ್ನೂ ಒರೆಸಿ, ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ಗೋಣಿತಾಟು ಹಾಸಿ ಅದರ ಮೇಲೆ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸಿದರು. ಬಟ್ಟೆ ಸೋಪಿಗೂ ಒಂದು ಬೊಟ್ಟು ಬಿತ್ತು. ನನ್ನ ವೃತ್ತಿಯ ಮುಖ್ಯ ಆಯುಧವಾದ ಗರ್ಭಧಾರಣೆಯ ಗನ್ನನ್ನು ಮಾತ್ರ ನಾನು ಇಡಲಿಲ್ಲ. ಅದು ದಿನವೂ ಹೋಗಿ ಬರುವ ಜಾಗವನ್ನು ನೆನೆದು ದೇವರ ಮುಂದೆ ಇಡಲು ಸಂಕೋಚವಾಯಿತು.

ಅಂಗಳದಲ್ಲಿ ಗೌಡರ ಟಿವಿಎಸ್ಸಿಗೂ ನನ್ನ ಬೈಕಿಗೂ ಪೂಜೆ. ಹ್ಯಾಂಡಲಿಗೆ ಬಾಳೆಕಂದು. ಹಿಂದಿನ ಕ್ಯಾರಿಯರಿನ ಸುತ್ತ ಜಯಮ್ಮನವರು ತಾವೇ ಕಟ್ಟಿದ ಚೆಂಡು ಹೂವಿನ ಹಾರ, ಒಂದು ಸುತ್ತು ಸಾಲದೆಂದು ಎರಡು ಸುತ್ತು.

"ಬಾಳೆ ನಾರು ಒಂದಿನಕ್ಕೇ ಒಣಗ್ತದೆ. ಇದು ಸೊಪ್ಪು ಪೋಣ್ಸೋ ದಾರ," ಎಂದು ಹೆಮ್ಮೆಯಿಂದ ಹೇಳಿದರು. "ಆನೆ ಎಳುದ್ರೂ ಕೀಳಾಕಿಲ್ಲ."

ಹಬ್ಬದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕೆಂಪಮ್ಮನವರ ಫೋನು ಬಂತು.

"ಡಾಕ್ಟ್ರಪ್ಪ, ಚಂದ್ರಿ ಒತ್ತಾರಿಂದ ಕೂಗ್ತಾ ಅವ್ಳೆ. ಮಗ ಎಂಡ್ರೂರಿಗೆ ಹಬ್ಬುಕ್ಕೆ ಹೋಗವ್ನೆ. ಬತ್ತೀಯಾ ನನ್ನಪ್ಪ?"

ಅದು ಬೆದೆಯ ಕೂಗು. ಸಂಜೆಯೊಳಗೆ ಬರುತ್ತೇನೆ ಎಂದೆ. ಒಬ್ಬ ಮಾನ್ಯ ಹೋರಿಯ ಪ್ರತಿನಿಧಿಗೆ ಹಬ್ಬ ಎಲ್ಲಿಯದು. ಊಟ ಮುಗಿಸಿ ಕ್ಯಾನು ಬಿಗಿದುಕೊಂಡು, ಗನ್ನಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಗಂಟಿಗಾಗಿ ನಡುಮನೆಯ ಕಡೆ ಕತ್ತು ಚಾಚಿದೆ. ಗೌಡರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಗಾಡಿ ಹೋಗ್ಬೋದು. ಪೂಜೆ ಆದ್ಮೇಲೆ ಗಾಡಿ ಒಂದ್ ಸುತ್ತು ಓಡ್ಬೇಕು, ಅದು ಶಾಸ್ತ್ರ. ಸಾಮಾನು ನಾಳೆ ಕದಲ್ಸೋ ಗಂಟ ಮುಟ್ಟಂಗಿಲ್ಲ, ಅದೂ ಶಾಸ್ತ್ರ."

ಪೂಜೆಗೆ ಕೂರಿಸಿದ್ದನ್ನು ಮರುದಿನ ಮಂಗಳಾರತಿ ಮಾಡಿ, ದೇವರಿಗೆ ಹೇಳಿ, ಸ್ವಲ್ಪ ಜರುಗಿಸಿ ಆಮೇಲೆ ಎತ್ತಿಕೊಳ್ಳುವುದಕ್ಕೆ ಕದಲಿಸುವುದು ಎನ್ನುತ್ತಾರೆ. ಅದಕ್ಕೆ ಮುಂಚೆ ಮುಟ್ಟಿದರೆ ಆಯುಧ ಮುನಿಯುತ್ತದೆ. ನಾನೂ ಅದೇ ಶಾಸ್ತ್ರದಲ್ಲಿ ಬೆಳೆದವನು. ಗಂಟು ಬಿಟ್ಟು ಹೊರಟೆ. ಹೋಗಿ ಬರುವುದು ಎಷ್ಟು ದೂರ ಎಂದುಕೊಂಡೆ.

ಮುಕ್ಕಾಲು ದಾರಿ ಸಲೀಸಾಗಿ ಹೋಯಿತು. ಒಂದು ಹಳ್ಳದ ಬಳಿ ಗಾಡಿ ಎಗರಿ ಬಿತ್ತು. ಹಿಂದೆ ಏನೋ ಬಿಗಿದಂತೆ ಸದ್ದಾಯಿತು, ಚಕ್ರ ಕಚ್ಚಿಕೊಂಡು ಗಾಡಿ ಜಾರಿ ನಿಂತಿತು. ಇಳಿದು ನೋಡಿದರೆ ಹಾರದ ಎರಡನೆಯ ಸುತ್ತು ಜಗ್ಗಿ, ಕವರಿಲ್ಲದ ಚೈನಿಗೆ ಸಿಕ್ಕಿ, ಹಲ್ಲುಚಕ್ರಕ್ಕೆ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಚೈನು ಹಲ್ಲು ಬಿಟ್ಟು ಪಕ್ಕದ ಸಂದಿಗೆ ಬಿದ್ದು ಸಿಕ್ಕಿಕೊಂಡಿತ್ತು. ರಸ್ತೆಯ ತುಂಬ ಚೆಂಡು ಹೂವು ಚೆಲ್ಲಿ ಯಾರದೋ ಮೆರವಣಿಗೆ ಆಗಷ್ಟೇ ಹಾದುಹೋದಂತಿತ್ತು. ಬಾಳೆ ನಾರಾಗಿದ್ದರೆ ಕಿತ್ತು ಹೋಗಿರುತ್ತಿತ್ತು. ಆನೆ ಎಳೆದರೂ ಕೀಳದ ದಾರ ಬೈಕಿಗೆ ಕೀಳುತ್ತದೆಯೇ.

ಗನ್ನಿನ ಪೆಟ್ಟಿಗೆಯಲ್ಲಿದ್ದ ಸಣ್ಣ ಕತ್ತರಿಯಿಂದ ದಾರವನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆದೆ. ಚೈನು ಮಾತ್ರ ಕದಲಲಿಲ್ಲ. ಆಕ್ಸಲ್ ನಟ್ಟು ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿದರೆ ಎರಡು ನಿಮಿಷದ ಕೆಲಸ. ಆ ನಟ್ಟಿಗೆಂದೇ ಅಳತೆ ಮಾಡಿ ತಂದ, ಉದ್ದ ಹಿಡಿಯ ರಿಂಗ್ ಸ್ಪ್ಯಾನರು ಆ ಹೊತ್ತಿನಲ್ಲಿ ಕುಂಕುಮ ಇಟ್ಟುಕೊಂಡು ಊದುಬತ್ತಿಯ ಹೊಗೆ ಕುಡಿಯುತ್ತಾ ಹಾಯಾಗಿ ಮಲಗಿತ್ತು.

ಹತ್ತಿರದಲ್ಲೇ ನಾಲ್ಕು ಮನೆ, ಒಂದರ ಮುಂದೆ ಹಾರ ಹಾಕಿದ ಟ್ರ್ಯಾಕ್ಟರು. ಯಜಮಾನರು ಮತ್ತು ಹಬ್ಬಕ್ಕೆ ಬಂದಿದ್ದ ಅವರ ಬಾಮೈದ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ಸ್ಪ್ಯಾನರು ಇದೆಯೇ ಎಂದು ಕೇಳಿದೆ.

"ಇಲ್ದೆ ಏನು, ಒಂದ್ ಪೆಟ್ಗೆ ತುಂಬ ಅವೆ," ಎಂದರು ಯಜಮಾನರು. "ಪೂಜೆಲವೆ."

ಆಗ ನನಗೆ ಪರಿಸ್ಥಿತಿಯ ಪೂರ್ಣ ಸ್ವರೂಪ ಹೊಳೆಯಿತು. ನನ್ನದೊಂದೇ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಅಷ್ಟೂ ಸೀಮೆಯ ಸಮಸ್ತ ಸ್ಪ್ಯಾನರು, ಸುತ್ತಿಗೆ, ಇಕ್ಕಳಗಳು ಅಂದು ದೇವರ ವಶದಲ್ಲಿದ್ದವು. ವರ್ಷದಲ್ಲಿ ಗಾಡಿ ಕೆಡಬಾರದ ದಿನ ಎಂಬುದು ಒಂದೇ ಒಂದು ಇತ್ತು, ನನ್ನ ಗಾಡಿ ಅದನ್ನು ಹುಡುಕಿಕೊಂಡು ಬಂದಿತ್ತು. ಊರಿನ ಬೈಕುಗಳೆಲ್ಲ ಪೂಜೆ ಮುಗಿಸಿ ಹುಡುಗರನ್ನು ಹೇರಿಕೊಂಡು ಸರಗೂರಿನ ಕಡೆ ಸುತ್ತಾಡಲು ಹೋಗಿದ್ದವು.

ಜಗಲಿಯ ಮೇಲೆ ಧರ್ಮಜಿಜ್ಞಾಸೆ ಶುರುವಾಯಿತು. "ಹಸಾ ಅಂದ್ರೂ ದೇವ್ರೇ ಅಲ್ವ ಬಾವ, ಒಂದ್ ಸ್ಪ್ಯಾನರ್ ತಗ್ದು ಕೊಡು," ಎಂದ ಬಾಮೈದ.

"ಓದೊರ್ಸ ಇಂಗೇ ಅಂತ ನೀನೇ ಪಂಪಿನ ಸ್ಟಾಟ್ರು ಮುಟ್ದೆ. ಮೋಟ್ರು ಸುಟ್ಟೋಯ್ತು."

"ಆ ಮೋಟ್ರು ಮುಟ್ಟದಿದ್ರೂ ಸುಡ್ತಿತ್ತು. ನಿಮ್ಮಪ್ಪನ ಕಾಲದ್ದು."

"ಮುಟ್ದೆ ತಾನೆ?"

"ಮುಟ್ದೆ."

"ಸುಟ್ಟೋಯ್ತು ತಾನೆ?"

ಬಾಮೈದ ಎಲೆಗೆ ಸುಣ್ಣ ಹಚ್ಚತೊಡಗಿದ. ಯಜಮಾನರು ಕೆಟ್ಟವರಲ್ಲ, ಕಾಫಿ ತರಿಸಿದರು, ಚಕ್ಕುಲಿ ತರಿಸಿದರು, ಒಳಗೆ ಹೋಗಿ ದೇವರ ಮುಂದೆ ನಿಂತು ಪೆಟ್ಟಿಗೆಯನ್ನು ನೋಡಿ, ಹಾಗೇ ವಾಪಸು ಬಂದು ಮುಖ ಸಣ್ಣದು ಮಾಡಿಕೊಂಡು ಕೂತರು.

ಸಿಗ್ನಲ್ಲಿಗಾಗಿ ಟ್ರ್ಯಾಕ್ಟರು ಹತ್ತಿ ನಿಂತು ಸಿದ್ದೇಗೌಡರಿಗೆ ಫೋನು ಮಾಡಿದೆ. ಹಾರ ಚೈನಿಗೆ ಸುತ್ತಿಕೊಂಡದ್ದು, ಚಂದ್ರಿಯ ಕೊನೆಯ ಸರದಿ, ಎಲ್ಲ ಹೇಳಿ, ರಿಂಗ್ ಸ್ಪ್ಯಾನರೊಂದನ್ನು ಯಾರ ಕೈಯಲ್ಲಾದರೂ ಕಳಿಸಿ ಎಂದೆ. 

"ದೇವ್ರ ಮುಂದೆ ಕುಂತದೆ ಡಾಕ್ಟ್ರೇ. ಎತ್ತಾಕಾಗಾಕಿಲ್ಲ."

ಫೋನು ಇಟ್ಟುಬಿಟ್ಟರು. ಬಿಸಿಲು ಓರೆಯಾಗುತ್ತಿತ್ತು. ಅಷ್ಟರಲ್ಲಿ ಕೆಂಪಮ್ಮನವರದು ಇನ್ನೊಂದು ಫೋನು. "ದಾರೀಲಿದೀಯಾ ನನ್ನಪ್ಪ?" ದಾರಿಯಲ್ಲೇ ಇದ್ದೇನೆ ಎಂದೆ. ಅಷ್ಟು ಪೂರ್ತಿಯಾದ ಸತ್ಯವನ್ನು ನಾನು ಬೇರೆಂದೂ ನುಡಿದಿಲ್ಲ. ಕ್ಯಾನನ್ನು ತೋಳಿನಲ್ಲಿ ಎತ್ತಿಕೊಂಡು ನಡೆದೇ ಹೋಗುವುದೆಂದು ಪಟ್ಟಿ ಬಿಚ್ಚುತ್ತಿದ್ದೆ. ನಡೆದರೆ ಕತ್ತಲಾಗುತ್ತದೆ, ಕತ್ತಲಾದರೆ ಆ ದಾರಿಯಲ್ಲಿ ಆನೆಗಳ ಸಂಚಾರ ಎಂದು ಬಾಮೈದ ಹೇಳುತ್ತಿದ್ದ. ಆಗ ದೂರದಲ್ಲಿ ಟಿವಿಎಸ್ಸಿನ ಸದ್ದು ಕೇಳಿತು.

ಆ ದೃಶ್ಯ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಮುಂದೆ ಸಿದ್ದೇಗೌಡರು, ಹಬ್ಬದ ಪಂಚೆ ಎತ್ತಿ ಕಟ್ಟಿ, ಮೆರವಣಿಗೆಯ ವೇಗದಲ್ಲಿ ಟಿವಿಎಸ್ ಓಡಿಸುತ್ತಿದ್ದಾರೆ. ಹಿಂದೆ ರೇಷ್ಮೆ ಸೀರೆಯ ಜಯಮ್ಮನವರು. ಅವರು ಗಂಡನನ್ನಾಗಲಿ ಗಾಡಿಯನ್ನಾಗಲಿ ಹಿಡಿದುಕೊಂಡಿಲ್ಲ. ಎರಡೂ ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಗೋಣಿತಾಟು, ಅದರ ಮೇಲೆ ಕುಂಕುಮ ಹಚ್ಚಿದ ನನ್ನ ಅಷ್ಟೂ ಸಾಮಾನು, ಹೂವು, ಎಲೆ, ಅಡಿಕೆ, ಒಂದು ತೆಂಗಿನಕಾಯಿ ಹೋಳು, ಗಾಳಿಗೆ ಆರಿಹೋದ ಒಂದು ಹಣತೆ. ಒಂದೂ ಜಾಗ ಬಿಟ್ಟು ಅಲುಗಿರಲಿಲ್ಲ.

ಯಜಮಾನರು ಜಗಲಿಯಿಂದ ಎದ್ದು ನಿಂತು ಅಭ್ಯಾಸದಂತೆ ಕೈ ಮುಗಿದರು. ಗೌಡರು ಗಾಡಿ ನಿಲ್ಲಿಸಿ ನನ್ನ ಕಡೆ ನೋಡದೆ, ಟ್ರ್ಯಾಕ್ಟರಿಗೆ ಹೇಳುವ ಹಾಗೆ ಹೇಳಿದರು:

"ಸಾಮಾನು ಎತ್ನಿಲ್ಲ. ಪೂಜೇನೇ ಇಲ್ಲೀಗಂಟ ತಂದೀವಿ. ಶಾಸ್ತ್ರುಕ್ಕೇನೂ ಆಗ್ನಿಲ್ಲ."

"ನಾನು ಕಟ್ಟಿದ್ ಹಾರ್ದಿಂದ ಹಸಾ ಸಂತೆಗ್ ಹೋದ್ರೆ ನಂಗೆ ನಿದ್ದೆ ಬತ್ತದಾ?" ಎಂದರು ಜಯಮ್ಮನವರು. ಆ ಉಪಾಯ ಯಾರ ತಲೆಯಿಂದ ಹೊರಟಿತು ಎಂಬುದು ಗೊತ್ತಾಯಿತು. "ಬೇಗ್ ಬೇಗ ಮಾಡಿ, ಕೈ ನೋಯ್ತದೆ. ಕೆಳಗಿಡಂಗಿಲ್ಲ."

ಹಣತೆ ಮತ್ತೆ ಹತ್ತಿಸಿದರು. ಗೌಡರು ಕರ್ಪೂರ ಬೆಳಗಿದರು. ಪೂಜೆ ಕದಲಿಸದೆಯೇ, ದೇವರ ಅನುಮತಿ ಪಡೆದು ರಿಂಗ್ ಸ್ಪ್ಯಾನರು ಎತ್ತಿಕೊಂಡೆ. ಹಿಡಿಯ ತುಂಬ ಕುಂಕುಮ, ಕೈಯೆಲ್ಲ ಕೆಂಪಾಯಿತು. ನಟ್ಟು ಸಡಿಲಿಸಿದೆ, ಬಾಮೈದ ಚಕ್ರ ಮುಂದಕ್ಕೆ ತಳ್ಳಿದ, ಯಜಮಾನರು ಲಿವರಿನಿಂದ ಚೈನು ಮೀಟಿದರು. ಒಂದು ಸಾಮಾನು ಬಳಸಿ ಆಯಿತೆಂದರೆ ಅದು ತಟ್ಟೆಗೆ ವಾಪಸು, ಗೌಡರಿಂದ ಹೊಸ ಬೊಟ್ಟು, ಆಮೇಲೆ ಇನ್ನೊಂದು ಸಾಮಾನು. ಇಷ್ಟು ಶಾಸ್ತ್ರೋಕ್ತವಾಗಿ ಚೈನು ಕೂರಿಸಿದ್ದು ಈ ಭೂಮಂಡಲದಲ್ಲಿ ಅದೇ ಮೊದಲಿರಬೇಕು.

ಹೊರಡುವಾಗ ಜಯಮ್ಮನವರು ಗೋಣಿತಾಟನ್ನು ಹೂವು ಕುಂಕುಮ ಸಮೇತ ಸುರುಳಿ ಸುತ್ತಿ, ಟ್ಯೂಬಿನ ಪಟ್ಟಿ ಹಾಕಿ ನನ್ನ ಕೈಗೆ ಕೊಟ್ಟರು. "ಪೂಜೆ ನಿಮ್ ಜೊತೇಲೇ ಬರ್ಲಿ ಬುಡಿ. ಮುಂದೆ ಮತ್ತೆಲ್ಲಿ ನಿಲ್ತದೋ." ಗೌಡರು ಬಾಯಿ ತೆರೆದರು, ಶಾಸ್ತ್ರದಲ್ಲಿ ಅಡ್ಡಿ ಏನೂ ಸಿಗದೆ ಮುಚ್ಚಿಕೊಂಡರು.

ಕೆಂಪಮ್ಮನವರ ಹಟ್ಟಿ ಮುಟ್ಟಿದಾಗ ಕಂದಕದ ಆಚೆ ಮರಗಳ ತುದಿಯಲ್ಲಿ ಇನ್ನೂ ಬಿಸಿಲಿತ್ತು. ಕುಂಕುಮದ ಕೈಯನ್ನು ಸೋಪು ಹಚ್ಚಿ ತೊಳೆದು, ಕತ್ತರಿಗೆ ಸ್ಪಿರಿಟ್ ಹಾಕಿ ಒರೆಸಿ, ಚಂದ್ರಿಗೆ ಮಾಡಬೇಕಾದ್ದನ್ನು ಮಾಡಿದೆ. ಅವಳು ತಿರುಗಿ ನನ್ನನ್ನೊಮ್ಮೆ ನೋಡಿದಳು. ಹೋರಿಯ ಪ್ರತಿನಿಧಿಗೆ ಸಿಗುವ ಮರ್ಯಾದೆ ಸಾಮಾನ್ಯವಾಗಿ ಅಷ್ಟೇ. ನಾನು ಕೈ ತೊಳೆದು ಬರುವಷ್ಟರಲ್ಲಿ, ತೊಳೆದಿಟ್ಟಿದ್ದ ಗನ್ನಿಗೆ ಕೆಂಪಮ್ಮನವರು ಅರಿಶಿನ ಕುಂಕುಮ ಹಚ್ಚುತ್ತಿದ್ದರು. "ಎಲ್ರೂ ಅವ್ರವ್ರ ಆಯ್ದುಕ್ಕೆ ಮಾಡವ್ರೆ. ನಂಗೆ ಇದೇ ಕಣಪ್ಪ ಆಯ್ದ," ಎಂದರು. ನಾನು ಸಂಕೋಚಪಟ್ಟು ಬಿಟ್ಟುಬಂದಿದ್ದ ಪೂಜೆಯನ್ನು ಅವರು ಮುಗಿಸಿದ್ದರು.

ಹಬ್ಬ ಕಳೆದು ವ್ಯಾಪಾರಿ ಬಂದ. ಮಹೇಶ ಮೂರು ವಾರ ತಡಿ ಎಂದ. ಮೂರು ವಾರಕ್ಕೆ ಚಂದ್ರಿ ಬೆದೆಗೆ ಬರಲಿಲ್ಲ. ಸುಮ್ಮನೆ ಮೆಲುಕು ಹಾಕುತ್ತಾ ನಿಂತಿದ್ದಳು. ಸಂಕ್ರಾಂತಿಯ ಹಿಂದುಮುಂದು ಪರೀಕ್ಷೆ ಮಾಡಿ ಗಬ್ಬ ನಿಂತಿದೆ ಎಂದಾಗ ಮಹೇಶ ಒಳಗೆ ಹೋಗಿ ತನ್ನ ಎರಡನೆಯ ಕಟಿಂಗ್ ಪ್ಲೇಯರನ್ನೂ ತಂದು ನನಗೆ ಕೊಟ್ಟ. ಬೇಡವೆಂದರೆ ಕೇಳಲಿಲ್ಲ. ಗಂಟಿನಲ್ಲಿ ಎರಡು ಪ್ಲೇಯರು ಇರುವುದು ಅದಕ್ಕೇ.

ಗಂಟಿನ ಪೂಜೆ ಮಾತ್ರ ಮುಗಿಯಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಗೌಡರು ಮನೆಯ ಆಯುಧಗಳನ್ನು ಕದಲಿಸುವ ಹೊತ್ತಿಗೆ ನಾನು ಗಂಟಿನ ಸಮೇತ ಮೈಸೂರಿನ ದಾರಿಯಲ್ಲಿದ್ದೆ. ವಾಪಸು ಬಂದಾಗ ಅವರು ಲೆಕ್ಕ ಹಾಕಿ ತೀರ್ಪು ಕೊಟ್ಟರು: "ನಿಮ್ದು ಕದಲ್ಸಿಲ್ಲ. ಅದ್ರ ಪೂಜೆ ಇನ್ನೂ ನಡೀತಾನೇ ಅದೆ. ಹಸಾ ನಿಂತಿದ್ದು ಗೊತ್ತಾಗ್ಲಿ, ಕದಲ್ಸಾಣ." ಗೊತ್ತಾದ ಮೇಲೆ, "ಕರ ಆಕ್ಲಿ" ಎಂದರು. ಕರು ಹಾಕುವ ಮುಂಚೆ, ಮುಂದಿನ ಮುಂಗಾರಿನ ಮೊದಲ ಮಳೆಯಲ್ಲಿ, ನನಗೆ ವರ್ಗವಾಯಿತು. ಹೆಣ್ಣು ಕರು ಎಂದು ಫೋನಿನಲ್ಲಿ ಕೇಳಿದೆ.

ಕಥೆ ಮುಗಿಯುವ ಹೊತ್ತಿಗೆ ಬೇಗೂರು ಕಳೆದಿತ್ತು. ಸುಧಾ ಕತ್ತು ತಿರುಗಿಸಿ ಡಿಕ್ಕಿಯ ಕಡೆ ನೋಡಿದಳು. "ಅಂದರೆ ಆವತ್ತು ಅಟ್ಟಕ್ಕೆ ಎಸೀರಿ ಅಂದಿದ್ದಕ್ಕೆ ನೀವು ಹಾಗೆ ನೋಡಿದ್ದು," ಎಂದಳು.

ಮನೆಯ ಮುಂದೆ ಇಳಿದಾಗ ಕಂಡ ಸಿದ್ದೇಗೌಡರ ತಲೆ ಪೂರ್ತಿ ಬೆಳ್ಳಗಾಗಿತ್ತು. ನಗು ಈಗಲೂ ಇಲ್ಲ. ಜಯಮ್ಮನವರು ಸುಧಾಳ ಕೈ ಹಿಡಿದು ಒಳಗೆ ಕರೆದೊಯ್ದರು. ನಾವು ಬರುವ ಸುದ್ದಿ ತಿಳಿದು ಕೆಂಪಮ್ಮನವರು ಒಂದು ಕ್ಯಾನು ಹಾಲು ಹಿಡಿದು ಬಂದು ಕೂತಿದ್ದರು. ಚಂದ್ರಿಯ ಮಗಳ ಹಾಲು. ಚಂದ್ರಿ ಈಗ ವಯಸ್ಸಾಗಿ ಮಹೇಶನ ಮಕ್ಕಳಿಂದ ಮೈ ತಿಕ್ಕಿಸಿಕೊಂಡು ಇದ್ದಾಳಂತೆ.

ಗೌಡರು ಗಂಟನ್ನು ತರಿಸಿ ಜಗಲಿಯ ಮೇಲೆ ಬಿಚ್ಚಿದರು. ಸಾಮಾನು ಒಂದೊಂದಾಗಿ ಮುಟ್ಟಿ ನೋಡಿದರು. ಜೇಬಿನ ತಳದಲ್ಲಿ ಚೆಂಡು ಹೂವಿನ ಪಕಳೆಗಳು ಒಣಗಿ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ರಿಂಗ್ ಸ್ಪ್ಯಾನರಿನ ಬಾಯಲ್ಲಿ ಕುಂಕುಮ ಇನ್ನೂ ಗೆರೆಯಷ್ಟು ಉಳಿದಿತ್ತು.

"ಗಾಡಿ ಮಾರಾಯ್ತು. ಹಸಾ ಕರ ಆಕಿ, ಆ ಕರುಕ್ಕೂ ಕರ ಆಯ್ತು," ಎಂದರು. "ಇವತ್ತು ಕದಲ್ಸೇಬುಡಾಣ ಡಾಕ್ಟ್ರೇ. ಇಷ್ಟೊರ್ಸ ಯಾವ್ ಪೂಜೇನೂ ಕುಂತಿಲ್ಲ."

ಕರ್ಪೂರ ತರಲೆಂದು ಒಳಗೆ ಕೂಗಿದರು. ಜಯಮ್ಮನವರು ಬಂದರು. ಕೈಯಲ್ಲಿ ಕರ್ಪೂರವಿರಲಿಲ್ಲ, ಕುಂಕುಮದ ಬಟ್ಟಲಿತ್ತು. ಕೂತು, ಆಕ್ಸಲ್ಲಿನ ಸ್ಪ್ಯಾನರಿನಿಂದ ಹಿಡಿದು ಅರ್ಧ ಸೋಪಿನವರೆಗೆ ಒಂದೊಂದಕ್ಕೂ ಹೊಸದಾಗಿ ಬೊಟ್ಟಿಡತೊಡಗಿದರು.

"ಕದಲ್ಸಾಣ ಅಂದ್ರೆ ಇದೇನಮ್ಮಿ?" ಎಂದರು ಗೌಡರು.

"ಸುಮ್ಕಿರಿ. ಇದ್ನ ಮುಗ್ಸುಬುಟ್ರೆ ಇವ್ರು ಇತ್ಲಾಗೆ ಇನ್ಯಾಕ್ ಬತ್ತಾರೆ?"

ಗೌಡರು ಸ್ವಲ್ಪ ಹೊತ್ತು ಶಾಸ್ತ್ರವನ್ನು ಮನಸ್ಸಿನಲ್ಲೇ ತಿರುವಿ ಹಾಕಿದರು. ಅಡ್ಡಿ ಏನೂ ಸಿಗಲಿಲ್ಲವೆಂದು ಕಾಣುತ್ತದೆ. ಗೋಣಿತಾಟನ್ನು ತಾವೇ ಸುರುಳಿ ಸುತ್ತಿ, ಟ್ಯೂಬಿನ ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಡಿಕ್ಕಿಯಲ್ಲಿಟ್ಟು ಬಂದರು.